ನಡುವಿನಿಂದ ಎದ್ದ ಕೈ

"ಮೊದಲು ಕೈ ತೋರಿಸಿದ್ದು ಯಾರು?"

ಬೀ-ಯುನ್ ಅಕ್ಕ ಹೀಗೆ ಕೇಳಿದಾಗ ನನ್ನ ಬಾಯಿ ತುಂಬ ಮೂಲಂಗಿ ಕಡುಬಿತ್ತು. ಬಿಸಿ ಕಡುಬು ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟೆ.

"ಯಾವ ಕೈ ಅಕ್ಕಾ?"

"ಆ-ಜಿನ್, ನಮ್ಮ ಸೈಕಲ್ ತಂಡದಲ್ಲಿ ನೀನು ಏನು?"

"ಬಾಲ."

"ಬಾಲದ ಕೆಲಸ ಏನು?"

"ಎಲ್ಲರ ಬೆನ್ನು ನೋಡ್ಕೊಂಡು ಕೊನೇಲಿ ಬರೋದು."

"ನಿನ್ನೆ ನೋಡಿದ್ಯಾ ಇಲ್ವಾ?"

"ನೋಡ್ದೆ. ನೋಡೋಕೆ ಅಲ್ಲಿ ಬೇರೆ ಏನಿತ್ತು?"

ಕಾವಲಿಯ ಮುಂದೆ ನಿಂತಿದ್ದ ನನ್ನ ಹೆಂಡತಿ ಯೂ-ಛಿನ್ ತಿರುಗಿ ನೋಡದೆಯೇ ಅಂದಳು, "ಸೂ-ಲಾನ್ ಬೆನ್ನೊಂದನ್ನೇ ನೋಡಿರ್ತಾನೆ ಅಕ್ಕಾ. ಬೇರೆಯವರದ್ದು ಕೇಳ್ಬೇಡಿ."

ಬೆಳಗಿನ ಗಿರಾಕಿಗಳು ಹೋಗಿಯಾಗಿತ್ತು. ಚಾಂಗ್‌ಹುವಾ ಬಸ್ ನಿಲ್ದಾಣದ ಹಿಂದಿನ ನಮ್ಮ ತಿಂಡಿ ಅಂಗಡಿಯಲ್ಲಿ ಉಳಿದವರು ನಾವು ಮೂವರೇ. ಗೋಡೆಯ ಮೇಲೆ ನಮ್ಮ ದ್ವೀಪದ ದೊಡ್ಡ ನಕ್ಷೆ. ಭಾನುವಾರ ಹೊರಟು ಸೈಕಲ್‌ನಲ್ಲಿ ದ್ವೀಪ ಸುತ್ತುವಾಗ ನಾವು ತಂಗುವ ಊರುಗಳಿಗೆಲ್ಲ ಯೂ-ಛಿನ್ ಕೆಂಪು ಪಿನ್ನು ಚುಚ್ಚಿದ್ದಾಳೆ. ನಕ್ಷೆಯ ಕೆಳಗಿನ ಮೂಲೆ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಅವಳು ಆಗಾಗ ದೋಸೆ ಮಗುಚುವ ಕೈಯಿಂದಲೇ ಅದನ್ನು ಗೋಡೆಗೆ ಒತ್ತುತ್ತಿದ್ದಳು.

ಅಕ್ಕನ ಮುಂದೆ ಎಳ್ಳಿನ ಡಬ್ಬಿ ಇತ್ತು. ಡಬ್ಬಿಯೊಳಗೆ ಎಳ್ಳಿರಲಿಲ್ಲ. ನಿನ್ನೆ ಅಭ್ಯಾಸದ ಓಟದಲ್ಲಿ ಬಾಗುವಾ ಗುಡ್ಡದ ಏರು ಶುರುವಾಗುವ ಕಡೆ ಅಕ್ಕನ ಮುಂದಿನ ಟೈರು ಮೂರನೇ ಬಾರಿ ಪಂಕ್ಚರ್ ಆದಾಗ, ನಾನು ರಸ್ತೆಯಿಂದ ಹೆಕ್ಕಿ ತಂದ ಬೋರ್ಡ್ ಪಿನ್ನುಗಳಿದ್ದವು.

ಮೊದಲನೇ ಸಲ ಬಾಟಲಿಯ ಗಾಜು. ಎರಡನೇ ಸಲ ವಾಂಗ್‌ಗೊಂಗ್ ಕಡಲ ರಸ್ತೆಯಲ್ಲಿ ಸಿಂಪಿ ಚಿಪ್ಪು. ಮೂರನೇ ಸಲ ಈ ಪಿನ್ನು. ಮೂರು ಸಲವೂ ಅಕ್ಕನ ಸೈಕಲ್ಲೇ. ಗಾಜು, ಚಿಪ್ಪನ್ನು ಅದೃಷ್ಟ ಅನ್ನಬಹುದು. ಪಿನ್ನುಗಳು ತಾವಾಗಿಯೇ ಅಂಗಡಿಯಿಂದ ಎದ್ದು ಗುಡ್ಡಕ್ಕೆ ಹೋಗುವುದಿಲ್ಲ.

ವಿಷಯ ಊರೆಲ್ಲ ಹಬ್ಬಿತು. ಸೇವಿಗೆ ಕಾರ್ಖಾನೆಯ ಕೋ ಯಜಮಾನರು ನಿನ್ನೆ ಸಂಜೆ ಇದೇ ಬೆಂಚಿನ ಮೇಲೆ ಕೂತು ಮುಖ ಗಂಟಿಕ್ಕಿ ಹೇಳಿ ಹೋದರು: "ನೀವು ದ್ವೀಪ ಸುತ್ತಿ ಬಂದ್ರೆ ವ್ಯಾನಿಗೆ ಅರ್ಧ ದುಡ್ಡು ಕೊಡ್ತೀನಿ ಅಂತ ಗುಡಿಯಲ್ಲಿ ಮಾಜು ತಾಯಿ ಮುಂದೆ ಮಾತು ಕೊಟ್ಟಿದ್ದೀನಿ, ನಿಜ. ಆದ್ರೆ ನಿಮ್ಮಲ್ಲಿ ಯಾರೋ ಒಬ್ಬರ ಸಾವಿನ ಮನೆಗೆ ಹೂವಿನ ಚಕ್ರ ಕಳಿಸೋ ಗತಿ ನನಗೆ ಬೇಡ. ನಾಳೆ ಸಂಜೆಯೊಳಗೆ ಈ ಕಿತಾಪತಿ ಯಾರದು ಅಂತ ಹೇಳಿ. ಇಲ್ಲಾಂದ್ರೆ ಭಾನುವಾರದ ಸವಾರಿ ಬಂದ್."

ಆ ವ್ಯಾನಿಗೆ ಗಾಲಿಕುರ್ಚಿಯನ್ನು ಕುಳಿತವರ ಸಮೇತ ಎತ್ತಿ ಒಳಗಿಡುವ ಹಲಗೆ ಇರುತ್ತದೆ. ನಮ್ಮ ಬೀದಿ ಕೊನೆಯಲ್ಲಿ, ವಯಸ್ಸಾದವರನ್ನು ಹಗಲಿಡೀ ನೋಡಿಕೊಳ್ಳುವ ಹಗಲುಮನೆಯ ಮುದುಕರಿಗಾಗಿ ಅದು. ಅವರಲ್ಲಿ ಒಬ್ಬಳು ನನ್ನ ಸೋದರತ್ತೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಜೀವಮಾನವಿಡೀ ವಾಂಗ್‌ಗೊಂಗ್ ದಡದಲ್ಲಿ ಕೂತು ಸಿಂಪಿ ಬಿಡಿಸಿದವಳು, ಕಾಲು ಹೋದ ಮೇಲೆ ಕಡಲನ್ನು ಕಂಡಿಲ್ಲ. ಕಡಲೇನೂ ದೂರವಿಲ್ಲ, ವಾಹನದಲ್ಲಿ ಗಂಟೆಯೊಳಗಿನ ದಾರಿ. ಹೋದ ವಾರ ನನ್ನ ಕೈ ಹಿಡಿದು, "ವ್ಯಾನ್ ಬಂದ ದಿನ ನನ್ನನ್ನ ಮೊದಲು ಕರ್ಕೊಂಡು ಹೋಗು, ಆಮೇಲೆ ಉಳಿದ ಮುದುಕಿಯರು," ಅಂದಿದ್ದಾಳೆ. ಹೂಂ ಅಂದುಬಿಟ್ಟಿದ್ದೇನೆ. ಸವಾರಿ ನಿಂತರೆ ಅವಳಿಗೆ ಮುಖ ತೋರಿಸುವುದು ಹೇಗೆ?

"ಕೈ," ಅಕ್ಕ ಮತ್ತೆ ಅಂದಳು.

ಕೈಯೆಂದರೆ ನಮ್ಮ ತಂಡದ ಪ್ರಾಣ. ಮುಂದೆ ಹೋಗುವವರಿಗೆ ಹೊಂಡ, ಗಾಜು, ಕಲ್ಲು ಏನೇ ಕಂಡರೂ ಅದು ಇರುವ ಬದಿಗೆ ಕೈ ಇಳಿಸಿ ತೋರಿಸಬೇಕು. ಹಿಂದಿನವರು ಅದನ್ನು ನೋಡಿ ತಮ್ಮ ಹಿಂದಿನವರಿಗೆ ತೋರಿಸಬೇಕು. ಹಾಗೆ ಕೈಯಿಂದ ಕೈಗೆ ದಾಟಿ ಕೊನೆಗೆ ಬಾಲಕ್ಕೆ, ಅಂದರೆ ನನಗೆ, ಸುದ್ದಿ ಬಂದು ಮುಟ್ಟುತ್ತದೆ.

ಇದನ್ನು ಕಲಿಸಲು ಅಕ್ಕ ನಮ್ಮನ್ನು ಶಾಲೆಯ ಮೈದಾನದಲ್ಲಿ ಅರೆದು ಹಾಕಿದ್ದಾಳೆ. ದಾರಿಗೆ ಅಡ್ಡ ಸ್ಟೂಲು ಇಟ್ಟಳು, ಬೋಗುಣಿ ಇಟ್ಟಳು, ಒಂದು ದಿನ ಜೀವಂತ ಬಾತುಕೋಳಿಯನ್ನೇ ಬಿಟ್ಟಳು. ಈಗ ತರಕಾರಿ ಮಾರುಕಟ್ಟೆಯಲ್ಲಿ ನಡೆಯುವಾಗಲೂ ಬಾಳೆಹಣ್ಣಿನ ಸಿಪ್ಪೆ ಕಂಡರೆ ನನ್ನ ಕೈ ತಾನಾಗಿ ಕೆಳಗಿಳಿಯುತ್ತದೆ. ನಾವು ಮದ್ದಿನ ಮೇಷ್ಟ್ರು ಎನ್ನುವ ಮದ್ದಂಗಡಿಯ ಶಿಯಾವ್ ಅಂತೂ ಮಾಜು ತಾಯಿಯ ಪಲ್ಲಕ್ಕಿ ಹೊತ್ತಿದ್ದಾಗ ರಸ್ತೆಯಲ್ಲಿ ಹೊಂಡ ಕಂಡು ಕೈ ತೋರಿಸಲು ಹೋಗಿ ಪಲ್ಲಕ್ಕಿಯನ್ನೇ ವಾಲಿಸಿಬಿಟ್ಟಿದ್ದ. ತಾಯಿ ದೊಡ್ಡ ಮನಸ್ಸಿನವಳು, ಬೀಳಲಿಲ್ಲ.

ಅಕ್ಕ ಸೋಯಾ ಹಾಲಿನ ಖಾಲಿ ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಮೊದಲನೇದು ನಾನು. ಎರಡನೇದು ಐಸ್ ಅಂಗಡಿ ಸೂ-ಲಾನ್. ಮೂರು, ಮದ್ದಿನ ಮೇಷ್ಟ್ರು. ಆಮೇಲೆ ಅಂಚೆ ಕಚೇರಿ ಗಂಡ ಹೆಂಡತಿ. ಕೊನೇಗೆ ನೀನು. ಕಣ್ಣು ಮುಚ್ಕೊಂಡು ನೆನಪಿಸ್ಕೋ. ನಿನ್ನ ಕಡೆಗೆ ಕೈ ಎಲ್ಲಿಂದ ಬಂತು?"

ಕಣ್ಣು ಮುಚ್ಚಿದೆ. ರಸ್ತೆ ಕಂಡಿತು, ಬೆನ್ನುಗಳು ಕಂಡವು. ಅಂಚೆಯವನ ಕೈ ಇಳಿಯಿತು, ಅವನಿಗಿಂತ ಮುಂದೆ ಅವನ ಹೆಂಡತಿಯದು, ಅವಳಿಗಿಂತ ಮುಂದೆ...

"ಅಯ್ಯೋ," ಅಂದೆ.

"ಏನು?"

"ಅಕ್ಕಾ, ನೀವು ಕೈ ತೋರಿಸಲಿಲ್ಲ. ಸೂ-ಲಾನೂ ತೋರಿಸಲಿಲ್ಲ. ಮೂರನೇ ಸೈಕಲ್‌ನಿಂದ ಶುರುವಾಯ್ತು. ನಡುವಿನಿಂದ!"

ಅಕ್ಕನ ಮುಖ ಅರಳಿತು. "ಅದೇ ನಾನು ಹೇಳೋದು. ಮುಂದಿರೋ ನನಗೇ ಕಾಣದ್ದು ಮೂರನೆಯವನಿಗೆ ಕಂಡಿದ್ದು ಹೇಗೆ? ಅಲ್ಲಿ ಪಿನ್ನಿದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಹಾಕಿದವನೇ ಅವನು. ಆದ್ರೆ ಅಭ್ಯಾಸ ಬಲ ನೋಡು, ಹಿಂದಿನವರು ತುಳೀತಾರಲ್ಲ ಅಂತ ಕೈ ತಡೆಯೋಕಾಗ್ಲಿಲ್ಲ ಪಾಪ."

"ಮದ್ದಿನ ಮೇಷ್ಟ್ರಾ?" ಯೂ-ಛಿನ್ ನಕ್ಕಳು. "ಆ ಮನುಷ್ಯ ಇರುವೆ ಸಾಲು ಕಂಡ್ರೂ ಬ್ರೇಕ್ ಹಾಕ್ತಾನೆ. ನಾನು ಸೂ-ಲಾನ್ ಅಂದ್ಕೊಂಡಿದ್ದೆ. ಅವಳಿಗೆ ಮೊದಲಿಂದ ನಾಯಕಿ ಆಗೋ ಚಪಲ."

"ಸೂ-ಲಾನ್‌ಗೆ ಗುಟ್ಟು ಇಟ್ಕೊಳ್ಳೋಕೆ ಬರಲ್ಲ. ಪಿನ್ನು ಹಾಕಿದ್ರೆ ಬಿಸಾಕೋ ಮೊದಲೇ ಊರಿಗೆಲ್ಲ ಹೇಳಿರೋಳು," ಅಂದಳು ಅಕ್ಕ.

ಅಕ್ಕ ಮೂವತ್ತು ವರ್ಷ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆ ಮಾಡಿದವಳು. ಈ ಊರಿನ ಅರ್ಧ ಜನ ಅವಳ ಕೈಯಲ್ಲಿ ಫೇಲ್ ಆದವರು, ನಾನು ಎರಡು ಸಲ. ಹಾಗಾಗಿ ಅವಳ ಮಾತಿಗೆ ಎದುರಾಡುವ ಧೈರ್ಯ ಊರಿನಲ್ಲಿ ಇನ್ನೂ ಯಾರಿಗೂ ಹುಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಶಿಯಾವ್ ಬಂದ. ದಿನಾ ಈ ಹೊತ್ತಿಗೆ ಮದ್ದಂಗಡಿ ತೆರೆಯುವ ಮೊದಲು ಬರುತ್ತಾನೆ. ಬಾಗಿಲಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ, "ತಂಗೀ, ಒಂದು ಮೊಟ್ಟೆ ದೋಸೆ, ಖಾರ ಬೇಡ," ಅಂದ. ನಡೆದು ಬರುವುದಕ್ಕೂ ಹೆಲ್ಮೆಟ್ ಹಾಕಿಕೊಳ್ಳುವ ಗಿರಾಕಿ ಇವನೊಬ್ಬನೇ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ," ಅಂದಳು ಅಕ್ಕ. ಪರೀಕ್ಷೆಗೆ ಕರೆಯುತ್ತಿದ್ದಾಗಿನ ದನಿ.

ಶಿಯಾವ್ ಡಬ್ಬಿ ನೋಡಿದ, ಲೋಟಗಳ ಸಾಲು ನೋಡಿದ, ಕೂತ.

"ನಿನ್ನೆ ಗುಡ್ಡದ ಬುಡದಲ್ಲಿ..." ಅಕ್ಕ ಶುರುಮಾಡಿದಳು.

"ನಾನೇ ಹಾಕಿದ್ದು ಅಕ್ಕಾ."

ಅಕ್ಕನ ಬಾಯಿ ತೆರೆದಂತೆಯೇ ಉಳಿಯಿತು. "ಇರ್ರೀ! ನಾನಿನ್ನೂ ಏನೂ ಕೇಳೇ ಇಲ್ಲ. ಬೆಳಿಗ್ಗೆಯಿಂದ ಒಂದೊಂದೇ ಪ್ರಶ್ನೆ ಜೋಡಿಸಿ ಇಟ್ಕೊಂಡಿದ್ದೀನಿ!"

"ಕ್ಷಮಿಸಿ. ಕೇಳಿ ಬೇಕಾದ್ರೆ."

"ಇನ್ನೇನು ಕೇಳೋದು ನಿಮ್ಮ ತಲೆ. ಯಾಕ್ ಹಾಕಿದ್ರಿ?"

ಅವನು ನನ್ನ ಕಡೆ ನೋಡಿದ, ಯೂ-ಛಿನ್ ಕಡೆ ನೋಡಿದ. "ಮದ್ದಂಗಡಿಯಲ್ಲಿ ತಿಳಿದದ್ದು ಹೊರಗೆ ಬಾಯಿ ಬಿಡಬಾರದು ಅಂತ ನಿಯಮ ಇದೆ."

"ನನಗೇ ನಿಯಮ ಹೇಳ್ಕೊಡ್ತೀರಾ?"

"ಅದಕ್ಕೇ ಪಿನ್ನು ಹಾಕಿದ್ದು ಅಕ್ಕಾ. ಮಾತಾಡೋ ಹಾಗಿರಲಿಲ್ಲ."

ಅಕ್ಕನ ಮುಖದ ಬಣ್ಣ ಸ್ವಲ್ಪ ಬದಲಾಯಿತು. ಆದರೂ ಹಟ ಬಿಡುವವಳಲ್ಲ. "ಇವರು ನಮ್ಮವರೇ. ಹೇಳಿ," ಅಂದಳು.

ಶಿಯಾವ್ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಚಳಿಗಾಲದಿಂದ ನೀವು ನನ್ನ ಹತ್ರ ಕಣ್ಣಿನ ಹನಿ ತಗೋತಿದ್ದೀರಿ. ಮೊದಲು ಒಂದು ಥರ ಇತ್ತು. ಆಮೇಲೆ ಡಾಕ್ಟ್ರು ಎರಡು ಥರ ಬರೆದ್ರು. ಈಗ ಮೂರು. ಯಾರಿಗೂ ಹೇಳ್ಬೇಡ ಅಂದ್ರಿ. ಆಯ್ತು ಅಂದೆ. ಗಾಜಿನ ಮೇಲೆ ಹೋದ್ರಿ, ಸರಿ, ಎಲ್ಲರಿಗೂ ಆಗುತ್ತೆ ಅಂದ್ಕೊಂಡೆ. ಚಿಪ್ಪಿನ ಮೇಲೆ ಹೋದ್ರಿ. ಕಪ್ಪು ರಸ್ತೆ ಮೇಲೆ ಬೆಳ್ಳಗಿನ ಚಿಪ್ಪು ಅಕ್ಕಾ. ಎರಡೂ ಬಲಗಡೆ ಇದ್ವು."

"ಯಾರೋ ಹಾಕಿದ್ದು ಅವು."

"ಯಾರೂ ಹಾಕಿರಲಿಲ್ಲ. ಗಾಜು ಕುಡುಕರದ್ದು, ಚಿಪ್ಪು ಲಾರಿಯಿಂದ ಬಿದ್ದದ್ದು. ನನಗೆ ನಿದ್ದೆ ಬರ್ಲಿಲ್ಲ. ನಿನ್ನೆ ಬೆಳಿಗ್ಗೆ ಸ್ಕೂಟರಲ್ಲಿ ಮುಂಚೆ ಹೋಗಿ, ಎಲ್ಲರೂ ನಡೆಯೋ ವೇಗದಲ್ಲಿ ಹತ್ತೋ ಜಾಗ ನೋಡಿ, ಯಾರೂ ಬೀಳದ ಹಾಗೆ, ರಸ್ತೆಯ ಬಲ ಅಂಚಿಗೆ ಹಳದಿ ಪಿನ್ನು ಹರಡಿದೆ. ಹಳದಿ ಯಾಕೆ ಅಂದ್ರೆ ಚೆನ್ನಾಗಿ ಕಾಣಲಿ ಅಂತ. ನೀವು ಕೈ ತೋರಿಸಿದ್ರೆ ಮಾಜು ತಾಯಿಗೆ ಅನಾನಸ್ ಇಡ್ತೀನಿ ಅಂತ ಹರಕೆ ಹೊತ್ತು ನಿಮ್ಮ ಕೈಯನ್ನೇ ನೋಡ್ತಾ ಬಂದೆ. ನೀವು ತೋರಿಸಲೇ ಇಲ್ಲ. ಹಿಂದಿನವರು ತುಳೀತಾರೆ ಅಂತ ನನ್ನ ಕೈಯೇ ಎದ್ದುಬಿಡ್ತು."

ಮುಂದಿರುವವಳಿಗೇ ಕಾಣದ್ದು ಮೂರನೆಯವನಿಗೆ ಕಂಡಿದ್ದು ಹೇಗೆ? ಅಕ್ಕನ ಪ್ರಶ್ನೆಯೇ ತಿರುಗಿ ಅಕ್ಕನ ಎದುರು ನಿಂತಿತ್ತು.

"ಸೂ-ಲಾನ್‌ಗೂ ಕಾಣಲಿಲ್ಲವಲ್ಲ," ಅಂದಳು ಅಕ್ಕ.

"ಅವಳು ನಿಮ್ಮ ಹಿಂದಿನ ಚಕ್ರ ಬಿಟ್ಟು ಬೇರೇನೂ ನೋಡಲ್ಲ. ನೀವೇ ಹಾಗೆ ಕಲಿಸಿದ್ದು."

ಅಕ್ಕ ನನ್ನ ಕಡೆ ತಿರುಗಿದಳು. "ಆ-ಜಿನ್. ಎಲ್ಲರಿಗಿಂತ ಹಿಂದೆ ಇದ್ದೋನು ನೀನು. ಪಿನ್ನು ನಿನಗೆ ಕಂಡಿತ್ತಾ?"

ಸುಳ್ಳು ಹೇಳಬೇಕೆಂದು ತುಂಬಾ ಅನಿಸಿತು. ಇವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಊರಿನಲ್ಲಿ ಯಾರೂ ಇಲ್ಲ.

"ಕಂಡಿತ್ತು ಅಕ್ಕಾ. ದೂರದಿಂದಲೇ ಕಂಡಿತ್ತು."

ಅವಳು ಮೇಜಿನ ಮೇಲಿದ್ದ ಕೆಂಪು ತುದಿಯ ಚಾಪ್‌ಸ್ಟಿಕ್ ಒಂದನ್ನು ನನ್ನ ಕೈಗೆ ಕೊಟ್ಟಳು.

"ಲೈಸೆನ್ಸಿಗೆ ಬಂದಾಗ ನಿನಗೆ ಕಣ್ಣಿನ ಪರೀಕ್ಷೆ ಮಾಡಿದ್ದೆ, ನೆನಪಿದ್ಯಾ? ಮಾಡು."

"ಅಕ್ಕಾ, ಬೇಡ."

"ಮಾಡು ಅಂದ್ನಲ್ಲ."

ಅವಳು ನನ್ನ ಮೂಗನ್ನೇ ನೋಡುತ್ತ ಕೂತಳು. ನಾನು ಚಾಪ್‌ಸ್ಟಿಕ್ಕನ್ನು ಮೊದಲು ಅವಳ ಎಡಗಿವಿಯ ಕಡೆಯಿಂದ ಮೆಲ್ಲಗೆ ಮುಂದೆ ತಂದೆ. "ಕಂಡಿತು," ಅಂದಳು ತಕ್ಷಣ. ಬಲಗಿವಿಯ ಕಡೆಯಿಂದ ತಂದೆ. ಸುಮ್ಮನಿದ್ದಳು. ಕೆನ್ನೆಯ ಹತ್ತಿರ ಬಂತು, ಸುಮ್ಮನಿದ್ದಳು. ಚಾಪ್‌ಸ್ಟಿಕ್ ಹೆಚ್ಚುಕಡಿಮೆ ನನ್ನ ಮೂಗಿನ ಮುಂದೆ ಬಂದಾಗ, "ಈಗ," ಅಂದಳು.

ನನಗೆ ಅಳು ಬಂದುಬಿಟ್ಟಿತು. ಇಷ್ಟು ದಿನ ನಮ್ಮೆಲ್ಲರ ಪ್ರಾಣ ಕಾದವಳು, ಅರ್ಧ ರಸ್ತೆ ಕಾಣದೆ ಮುಂದೆ ಸಾಗುತ್ತಿದ್ದಳಲ್ಲ!

ಅಕ್ಕ ನನ್ನ ಮುಖ ನೋಡಿ ಬೈದಳು. "ಅಳ್ತಿದ್ದೀಯಾ? ಪರೀಕ್ಷೆ ಮಾಡೋರು ಅಳಬಾರದು. ಫಲಿತಾಂಶ ಹೇಳು."

"ನನ್ನ ಬಾಯಲ್ಲಿ ಬರಲ್ಲ ಅಕ್ಕಾ."

"ನಿನ್ನನ್ನ ಎರಡು ಸಲ ಮಾಡಿದ್ದೀನಿ. ಲೆಕ್ಕ ಚುಕ್ತಾ ಮಾಡ್ಕೋ, ಇಂಥ ಅವಕಾಶ ಮತ್ತೆ ಸಿಗಲ್ಲ."

"ಫೇಲ್," ಅಂದೆ.

"ಹೂಂ. ಸರಿಯಾದ ತೀರ್ಪು." ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಕಣ್ಣು ತುಂಬಿತ್ತು, ತುಟಿಯ ಮೇಲೆ ನಗು. "ಡಾಕ್ಟ್ರು ಹೇಳಿದಾಗ ನಂಬಲಿಲ್ಲ ಕಣೋ. ಕತ್ತಲೆ ಕಾಣುತ್ತೆ ಅಂದ್ಕೊಂಡಿದ್ದೆ. ಕತ್ತಲೆ ಏನೂ ಕಾಣಲ್ಲ. ಅಲ್ಲಿ ಏನೂ ಇಲ್ಲ ಅಂತಲೇ ಅನ್ಸುತ್ತೆ."

ಶಿಯಾವ್ ಎದ್ದು ನಿಂತು ತಲೆ ಬಗ್ಗಿಸಿದ. "ಕೋ ಯಜಮಾನ್ರ ಹತ್ರ ನಾನು ಹೋಗ್ತೀನಿ. ಪಿನ್ನು ಹಾಕಿದ್ದು ನಾನು ಅಂತ ಹೇಳ್ತೀನಿ. ನನ್ನನ್ನ ತಂಡದಿಂದ ತೆಗೆದುಹಾಕಿ, ಸವಾರಿ ನಡೀಲಿ."

"ನಿಮ್ಮನ್ನ ತೆಗೆದ್ರೆ ಪಿನ್ನು ನೋಡೋರು ಯಾರು? ಕೂತ್ಕೊಳ್ರೀ. ಪಿನ್ನಿಗೆ ಬೈಗುಳ ಆಮೇಲೆ ಇದೆ, ಬಿಡಲ್ಲ. ಇನ್ಮೇಲೆ ಮುಂದೆ ಹೋಗೋರು ನೀವು. ನಾನು ಸೂ-ಲಾನ್ ಜೊತೆ ಇಬ್ಬರು ತುಳಿಯೋ ಸೈಕಲ್‌ನಲ್ಲಿ ಹಿಂದಿನ ಸೀಟಲ್ಲಿ ಕೂತು ಅಲ್ಲಿಂದಲೇ ಕೂಗ್ತೀನಿ. ನನ್ನ ಬಾಯಿಗೆ ಏನೂ ಆಗಿಲ್ಲ. ಕೋ ಯಜಮಾನ್ರಿಗೆ ನನ್ನ ಕಣ್ಣಿನ ವಿಷಯ ನಾನೇ ಹೇಳ್ತೀನಿ, ಸಂಜೆವರೆಗೆ ಯಾಕೆ ಕಾಯೋದು, ಈಗಲೇ."

"ದ್ವೀಪ ಪೂರ್ತಿ ಸೂ-ಲಾನ್ ಮಾತು ಕೇಳ್ಬೇಕಾಗುತ್ತೆ ನೀವು," ಅಂದೆ.

"ಪಾಪ ಮಾಡಿದ್ದೀನಿ, ಅನುಭವಿಸ್ತೀನಿ."

ಮೂವರೂ ನಕ್ಕೆವು. ಎದೆಯ ಮೇಲಿಂದ ಚಪ್ಪಡಿ ಸರಿದಂತಾಯಿತು. ಕಿತಾಪತಿ ಮಾಡಿದವನು ಸಿಕ್ಕ, ಅವನು ಶತ್ರುವಲ್ಲ, ಸವಾರಿ ಉಳಿಯಿತು, ನನ್ನ ಸೋದರತ್ತೆ ಕಡಲು ನೋಡುತ್ತಾಳೆ. ಯೂ-ಛಿನ್ ಕೂಡ ನಗುತ್ತಾಳೆಂದು ತಿರುಗಿ ನೋಡಿದೆ. ಅವಳು ನಮಗೆ ಬೆನ್ನು ಹಾಕಿ ಹಿಟ್ಟು ಹುಯ್ಯುತ್ತಿದ್ದಳು.

ಸವಾರಿಗೆ ಅವಳು ಪಟ್ಟ ಪಾಡು ಯಾರೂ ಪಟ್ಟಿಲ್ಲ. ನಮ್ಮ ಬಾವುಟ ಹೊಲಿದವಳು ಅವಳು. ಬಿಲ್ಲಿನ ನಂಬರಿಗೆ ಸರ್ಕಾರ ಬಹುಮಾನ ಕೊಡುವ ಲಾಟರಿಗೆಂದು ಜನ ಕಾಪಾಡಿಕೊಂಡಿದ್ದ ಅಂಗಡಿ ಬಿಲ್ಲುಗಳನ್ನು ವ್ಯಾನಿಗಾಗಿ ನಮ್ಮ ಪೆಟ್ಟಿಗೆಗೆ ಹಾಕದ ಹೊರತು ಗಿರಾಕಿಗಳಿಗೆ ಚಟ್ನಿ ಕೊಡದವಳು ಅವಳು. ಜಿಪುಣ ಕೋ ಯಜಮಾನರ ಬಾಯಿಂದ ಹೂಂ ಅನ್ನಿಸಿದವಳೂ ಅವಳೇ.

"ತಗೊಳ್ಳಿ ನಿಮ್ಮ ಆಸ್ತಿ," ಎಂದು ಅಕ್ಕ ಎಳ್ಳಿನ ಡಬ್ಬಿಯನ್ನು ಶಿಯಾವ್ ಮುಂದೆ ಮೇಜಿನ ಮೇಲೆ ಬಗ್ಗಿಸಿದಳು.

ಹಳದಿ ಪಿನ್ನುಗಳು ಸುರಿದವು. ಅವುಗಳ ನಡುವೆ ಒಂದು ಕೆಂಪು.

ಶಿಯಾವ್ ಅದನ್ನು ಬೆರಳಿನಿಂದ ಆಚೆ ತಳ್ಳಿದ. "ಇದು ನಂದಲ್ಲ."

"ಎಲ್ಲಾ ಒಟ್ಟಿಗೇ ಹಾಕಿರ್ತೀರಿ," ಅಂದೆ. "ಅದು ನನ್ನ ಹಿಂದಿನ ಟೈರಲ್ಲಿ ಸಿಕ್ಕಿದ್ದು. ಗುಡ್ಡದಿಂದ ವಾಪಸ್ ಬಂದು ನೋಡಿದ್ರೆ ನಂದೂ ಪಂಕ್ಚರ್. ನೀವೆಲ್ಲ ನಗ್ತೀರಿ ಅಂತ ಹೇಳದೆ ಇದೇ ಡಬ್ಬಿಗೆ ಹಾಕ್ದೆ."

"ಕೆಂಪು ಶುಭದ ಬಣ್ಣ ಆ-ಜಿನ್. ನಾನು ಅದನ್ನ ರಸ್ತೆಗೆ ಹಾಕ್ತೀನಾ? ಹಳದಿ ಒಂದೇ ತಂದಿದ್ದು, ಮಾಜು ತಾಯಿ ಆಣೆ."

ಅಕ್ಕನ ನಗು ನಿಂತಿತು. ಕೆಂಪು ಪಿನ್ನನ್ನು ಎತ್ತಿ ಎಡಗಣ್ಣಿನ ಮುಂದೆ ಹಿಡಿದಳು.

"ನಿನ್ನ ಟೈರು ಯಾವಾಗಿಂದ ಮೆತ್ತಗಾಯ್ತು?"

"ಹೊರಟಾಗಲೇ ಸೈಕಲ್ ಯಾಕೋ ಭಾರ ಅನ್ನಿಸ್ತು. ಹಿಂದಿನ ದಿನ ತಿಂದಿದ್ದು ಜಾಸ್ತಿ ಆಯ್ತೇನೋ ಅಂದ್ಕೊಂಡೆ."

"ಗುಡ್ಡ ತಲುಪೋ ಮೊದಲೇ?"

"ಮೊದಲೇ."

"ಹಾಗಾದ್ರೆ ರಸ್ತೆ ಮೇಲೆ ಚುಚ್ಚಿದ್ದಲ್ಲ. ನೀನು ಹತ್ತೋ ಮೊದಲೇ ಯಾರೋ ಕೈಯಾರೆ ಒತ್ತಿದ್ದಾರೆ." ಅಕ್ಕ ಮೆಲ್ಲಗೆ ಕೇಳಿದಳು, "ನಿನ್ನ ಸೈಕಲ್ ಎಲ್ಲಿರುತ್ತೆ?"

"ಇಲ್ಲೇ. ಅಂಗಡಿ ಒಳಗೆ. ಷಟರ್ ಎಳೆದು ಬೀಗ ಹಾಕ್ತೀವಿ."

ಪಟಪಟ ಅಂದಿತು ನಕ್ಷೆ.

ಅದು ಅಕ್ಕನ ಬಲಗಡೆಗಿತ್ತು, ಅವಳಿಗೆ ಕಾಣುವಂತಿರಲಿಲ್ಲ. ನನಗೆ ಕಂಡಿತು. ಮೂರು ಮೂಲೆಗಳಲ್ಲಿ ಮೂರು ಕೆಂಪು ಪಿನ್ನುಗಳು. ನಾಲ್ಕನೆಯ ಮೂಲೆಯಲ್ಲಿ ಒಂದು ತೂತು ಮಾತ್ರ. ನಮ್ಮ ಅಂಗಡಿಗೆ ಇರುವುದು ಎರಡೇ ಬೀಗದ ಕೈ. ಒಂದು ನನ್ನ ಸೊಂಟದಲ್ಲಿದೆ.

ಮೂಗಿಗೆ ಸೀದ ವಾಸನೆ ಬಡಿಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ದಿನವೂ ಯೂ-ಛಿನ್ ದೋಸೆ ಸುಟ್ಟಿದ್ದು ನಾನು ಕಂಡಿಲ್ಲ.

"ಯೂ-ಛಿನ್," ಅಂದೆ.

ಅವಳು ಒಲೆ ಆರಿಸಲಿಲ್ಲ, ಇತ್ತ ತಿರುಗಲೂ ಇಲ್ಲ.

"ನಾನೇ ಒತ್ತಿದ್ದು. ನೀನು ಈ ಸವಾರಿಗೆ ಹೋಗ್ಬೇಡ ಆ-ಜಿನ್," ಅಂದಳು. "ಯಾಕೆ ಅಂತ ಇವರ ಮುಂದೆ ಕೇಳ್ಬೇಡ."